ಉಗುರಿನ ಬಣ್ಣ ಒರೆಸಿದ್ದು ಯಾಕೆ ಮಾರಾಯ್ತಿ?

ಚೈತ್ರಾ ಮಗಾ,

ನಿನ್ನೆ ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನೀನು ಹೇಳಿದ್ದು ಅರ್ಧ ಕೇಳಿತು, ಉಳಿದರ್ಧ ನೀನು ಅತ್ತದ್ದು ಕೇಳಿತು. ಆಮೇಲೆ ನೀನು ಬಣ್ಣ ಹಚ್ಚಿದ ಉಗುರಿನ ಫೋಟೊ ಕಳಿಸಿದೆ. ಕೆಳಗೆ "ಈಗ ಒರೆಸಿಬಿಟ್ಟೆ ದೊಡ್ಡಮ್ಮ" ಅಂತ ಬರೆದಿದ್ದೆ. ಅದನ್ನು ಓದಿದ ಮೇಲೆ ನನಗೆ ತುಂಬ ಹೊತ್ತು ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗಬಹುದು, ಬಸ್ಸಿನಲ್ಲಿ ಕೂತಾಗ ಓದು.

ಮೊದಲು ಫೋಟೊ ವಿಷಯ. ತುಂಬ ಚೆನ್ನಾಗಿತ್ತು. ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ನೀಲಿ ಸ್ವಲ್ಪ ಸ್ವಲ್ಪವೇ ಗಾಢ ಆಗುತ್ತಾ ಹೋಗಿದ್ದು, ಮೇಲೆ ಬಿಳಿ ಚುಕ್ಕಿಯ ನೊರೆ, ಉಂಗುರ ಬೆರಳಿನಲ್ಲಿ ಒಂದು ದೋಣಿ. ಹೆಬ್ಬೆರಳಿನ ಮೀನು ಬಂಗುಡೆಯೋ ಬೂತಾಯಿಯೋ ಅಂತ ಕನ್ನಡಕ ಹಾಕಿ ನೋಡಿದೆ, ಬೆನ್ನ ಮೇಲೆ ಗೀಟು ಕಂಡದ್ದರಿಂದ ಬಂಗುಡೆ ಅಂತ ತೀರ್ಮಾನ ಮಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಮಲ್ಪೆಯಲ್ಲಿ ಎಲ್ಲ ಸಾಲಾಗಿ ಕಟ್ಟಿ ನಿಂತಿವೆ, ಸಿಗುವ ನಾಲ್ಕು ಮೀನಿಗೆ ಬಾಯಿಗೆ ಬಂದ ರೇಟು. ಇಡೀ ಕುಟುಂಬದಲ್ಲಿ ತಾಜಾ ಬಂಗುಡೆ ಇದ್ದದ್ದು ನಿನ್ನ ಉಗುರಿನ ಮೇಲೆ ಮಾತ್ರ. ಅದನ್ನೂ ಒರೆಸಿ ಹಾಕಿದೆಯಲ್ಲ!

ಈಗ ನಿನ್ನ ಸೋದರತ್ತೆಯ ಮಾತಿಗೆ ಬರುತ್ತೇನೆ. "ಅಪ್ಪ ಹಾಸಿಗೆಯಲ್ಲಿ, ಮಗಳಿಗೆ ಶೃಂಗಾರ" ಅಂದರಂತೆ. ನೋಯುವ ಮಾತೇ, ಇಲ್ಲ ಅನ್ನುವುದಿಲ್ಲ. ಆದರೆ ಅವರು ಬಾಗಿಲಲ್ಲಿ ನಿಂತು ನೋಡಿದ್ದು ಒಂದು ಗಳಿಗೆ. ಅದರ ಹಿಂದಿನ ಐದು ದಿನ ಅವರಿಗೆ ಕಾಣಲಿಲ್ಲ. ರಾತ್ರಿ ಒಂದೂವರೆಗೆ ಅಪ್ಪ ಎದೆ ಹಿಡಿದುಕೊಂಡಾಗ 108ಕ್ಕೆ ಫೋನ್ ಮಾಡಿದ್ದು ನೀನು. ಸ್ಟೆಂಟ್ ಹಾಕುವ ಮುಂಚೆ ಕಾಗದಕ್ಕೆ ಸಹಿ ಹಾಕಿದ್ದು ನೀನು, ನಿನ್ನ ಅಮ್ಮನಿಗೆ ಪೆನ್ನು ಹಿಡಿಯಲೂ ಕೈ ಬರಲಿಲ್ಲ. ಐಸಿಯು ಹೊರಗೆ ಆ ಸ್ಟೀಲ್ ಕುರ್ಚಿಯಲ್ಲಿ ಮೂರು ರಾತ್ರಿ ಕೂತಿದ್ದೆ. ಇನ್ಶೂರೆನ್ಸ್ ಕೌಂಟರು, ಔಷಧಿ ಅಂಗಡಿ, ನಡುವೆ ದುಬೈಯಿಂದ ಮುಂಬೈಯಿಂದ ಬರುವ ಫೋನು, ಪ್ರತಿಯೊಬ್ಬರಿಗೂ ಮೊದಲಿನಿಂದ ಅದೇ ಕಥೆ. ಅಪ್ಪ ಮನೆಗೆ ಬಂದು ಗಂಜಿ ಕುಡಿದು ಮಲಗಿದ ಮರುದಿನ ನೀನು ಜಗಲಿಯಲ್ಲಿ ಒಂದು ಗಂಟೆ ಕೂತು ಉಗುರಿಗೆ ಬಣ್ಣ ಹಚ್ಚಿದೆ. ಇದರಲ್ಲಿ ತಪ್ಪು ಎಲ್ಲಿದೆ ಅಂತ ನಾನು ಹುಡುಕಿದೆ. ಸಿಗಲಿಲ್ಲ.

ನಿನಗೆ ಒಂದು ಹಳೆ ಕಥೆ ಹೇಳಬೇಕು. ನಿನ್ನ ಅಮ್ಮ ಆಗ ತುಂಬ ಸಣ್ಣವಳು, ಅವಳಿಗೆ ನೆನಪಿರಲಿಕ್ಕಿಲ್ಲ. ನಮ್ಮ ಶಂಕರಪುರದ ಮನೆ, 1979. ನಿನ್ನ ಮಾವ ತೆಂಗಿನ ಮರದಿಂದ ಬಿದ್ದ. ಆಗ ಆಂಬುಲೆನ್ಸ್ ಎಲ್ಲಿ? ಚಾಪೆಯಲ್ಲಿ ಮಲಗಿಸಿ ನಾಲ್ಕು ಜನ ರಸ್ತೆಯವರೆಗೆ ಹೊತ್ತುಕೊಂಡು ಹೋದರು, ಅಲ್ಲಿಂದ ಯಾರದೋ ಜೀಪು. ಎರಡು ದಿನ ಕಣ್ಣು ಬಿಡಲಿಲ್ಲ. ಮೂರನೇ ದಿನ ಕಣ್ಣು ಬಿಟ್ಟ, ನೀರು ಕೇಳಿದ. ಅಜ್ಜಿ ಅದೇ ಸಂಜೆ ಮನೆಗೆ ಬಂದವರು, ಮರುದಿನ ಬೆಳಕು ಹರಿಯುವ ಮುಂಚೆ ಮಲ್ಲಿಗೆ ಗಿಡದ ಹತ್ತಿರ ಇದ್ದರು. ಮೊಗ್ಗು ಕೊಯ್ದು ತಂದು, ಬಾಳೆ ನಾರು ಒದ್ದೆ ಮಾಡಿ, ಕಾಲು ಚಾಚಿ ಕೂತು ಕಟ್ಟಲು ಶುರು ಮಾಡಿದರು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ದಿನ ಮಾತಿಲ್ಲ ಕಥೆಯಿಲ್ಲ, ಲೆಕ್ಕ ಮಾತ್ರ. ನಾನು ಹೋಗಿ "ಅಮ್ಮ, ಇವತ್ತಾದರೂ ಬಿಡಬಾರದಾ" ಅಂದೆ. "ಕೈ ನಡುಗುತ್ತಾ ಉಂಟು ಮಗಾ, ಕಟ್ಟಿದರೆ ನಿಲ್ಲುತ್ತದೆ" ಅಂದರು. ನಿಜವಾಗಿ ನಿಂತಿತು, ನಾನು ನೋಡಿದ್ದೇನೆ. ಎರಡನೇ ಚೆಂಡಿನ ಹೊತ್ತಿಗೆ ನಾರು ಸಡಿಲ ಆಗುವುದು ನಿಂತಿತ್ತು.

ಅಜ್ಜಿಯನ್ನು ಯಾರೂ ಬೈಯಲಿಲ್ಲ. ಯಾಕೆಂದರೆ ಆ ಹೂ ಮಾರಾಟದ ಕಟ್ಟೆಗೆ ಹೋಗುತ್ತದೆ, ದುಡ್ಡು ಬರುತ್ತದೆ. ದುಡ್ಡು ಬರುವ ಕೆಲಸ ಮಾಡಿ ಹೆಂಗಸು ಸಮಾಧಾನ ಮಾಡಿಕೊಂಡರೆ ಅದು ಗಟ್ಟಿಗಿತ್ತಿತನ. ನೀನು ಮೂವತ್ತು ರೂಪಾಯಿಯ ಶೀಷೆ ತೆಗೆದು ನಿನ್ನದೇ ಕೈಗೆ ಹಚ್ಚಿಕೊಂಡರೆ ಅದು ಶೃಂಗಾರ. ಕೈ ನಡುಗಿದ್ದು ಮಾತ್ರ ಇಬ್ಬರದ್ದೂ ಒಂದೇ.

ಯಕ್ಷಗಾನದ ಬಣ್ಣದ ವೇಷದವರನ್ನು ಚೌಕಿಯಲ್ಲಿ, ಅವರು ವೇಷ ಕಟ್ಟುವ ಜಾಗದಲ್ಲಿ, ನೋಡಿದ್ದೀಯಲ್ಲ, ಸಣ್ಣವಳಿರುವಾಗ ಕರೆದುಕೊಂಡು ಹೋಗಿದ್ದೆ. ಅಕ್ಕಿ ಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾ ಕೂತರೆ ಗಂಟೆಗಟ್ಟಲೆ. ಸುತ್ತ ಗಲಾಟೆ, ಹೊರಗೆ ಚೆಂಡೆ, ಅವರು ಕನ್ನಡಿಯಿಂದ ಕಣ್ಣು ತೆಗೆಯುವುದಿಲ್ಲ. ನಿನ್ನ ದೋಣಿಯನ್ನು ನೋಡಿದಾಗ ನನಗೆ ಅದೇ ನೆನಪಾಯಿತು. ಅಷ್ಟು ಸಣ್ಣ ಜಾಗದಲ್ಲಿ ಗೆರೆ ಎಳೆಯಬೇಕಾದರೆ ಉಸಿರು ಹಿಡಿಯಬೇಕು, ಗೆರೆ ಮುಗಿದ ಮೇಲೆ ನಿಧಾನ ಬಿಡಬೇಕು. ಹತ್ತು ಉಗುರಿಗೆ ಎಷ್ಟು ಸಲ ಹಾಗೆ ಉಸಿರು ಬಿಟ್ಟಿರುತ್ತೀ, ಲೆಕ್ಕ ಹಾಕು. ಇನ್ನೊಂದು ಲಾಭ ನಿನಗೇ ಗೊತ್ತಾಗಿರಬೇಕು. ಉಗುರು ಒದ್ದೆ ಇರುವಾಗ ಫೋನ್ ಮುಟ್ಟಲು ಆಗುವುದಿಲ್ಲ. ಮುಂಬೈ ಚಿಕ್ಕಪ್ಪ ಎಷ್ಟು ಸಲ ಬೇಕಾದರೂ ಮಾಡಲಿ!

ಹಾಗಂತ ಎಲ್ಲದಕ್ಕೂ ತಲೆ ಆಡಿಸುವವಳು ನಾನಲ್ಲ, ಬೈಯುವುದೂ ಇದೆ.

ಸಿಟ್ಟಿನಲ್ಲಿ ಹತ್ತೂ ಉಗುರನ್ನು ರಿಮೂವರ್ ಹಾಕಿ ತಿಕ್ಕಿದೆಯಂತೆ, ಉಗುರಿನ ಸುತ್ತ ಚರ್ಮ ಬೆಳ್ಳಗಾಗಿ ಉರಿಯುತ್ತಾ ಇದೆಯಂತೆ. ಅಸಿಟೋನ್ ಇರುವ ರಿಮೂವರ್ ಉಗುರಿನ ಎಣ್ಣೆ ಪಸೆಯನ್ನೆಲ್ಲ ಎಳೆದುಬಿಡುತ್ತದೆ. ಹತ್ತಿಯಲ್ಲಿ ಹಾಕಿ ಉಗುರಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿ, ಬಣ್ಣ ತಾನಾಗಿ ಬಿಡುತ್ತದೆ, ತಿಕ್ಕಬೇಕಾಗಿಲ್ಲ. ಈಗ ನಾಲ್ಕು ದಿನ ತೆಂಗಿನೆಣ್ಣೆ ಹಚ್ಚು, ಬಣ್ಣ ಬೇಡ. ಆಮೇಲೆ ಹಚ್ಚುವಾಗ ಮೊದಲು ಬೇಸ್ ಕೋಟ್ ಹಾಕು, ಇಲ್ಲದಿದ್ದರೆ ಆ ಗಾಢ ನೀಲಿ ಉಗುರಿಗೆ ಹಳದಿ ಕಲೆ ಬಿಟ್ಟು ಹೋಗುತ್ತದೆ. ದಪ್ಪಗೆ ಒಂದು ಸಲ ಹಚ್ಚುವ ಬದಲು ತೆಳ್ಳಗೆ ಎರಡು ಸಲ. ಆಟಿ ತಿಂಗಳ ಮಳೆಯಲ್ಲಿ ದಪ್ಪಗೆ ಹಚ್ಚಿದರೆ ಬಟ್ಟೆಯ ಹಾಗೇ, ಒಣಗಿತು ಅಂದುಕೊಂಡು ಮಲಗಿದರೆ ಬೆಳಗ್ಗೆ ಬೆಡ್‌ಶೀಟಿನ ಅಚ್ಚು ಉಗುರಿನ ಮೇಲೆ. ಚುಕ್ಕಿ ಇಡುವ ಕಡ್ಡಿ ಅಂತ ಫ್ಯಾನ್ಸಿ ಅಂಗಡಿಯವರು ಇನ್ನೂರು ರೂಪಾಯಿ ಹೇಳಿದರೆ ಕೊಡಬೇಡ, ಹೇರ್‌ಪಿನ್ನಿನ ಗುಂಡು ತುದಿ ಸಾಕು. ಇದೆಲ್ಲ ನನಗೆ ಹೇಗೆ ಗೊತ್ತು ಅಂತೀಯಾ? ಕಳೆದ ವರ್ಷ ನನ್ನ ಮೊಮ್ಮಗಳು ನನ್ನ ಎಡಗೈಯನ್ನು ಪ್ರಯೋಗಶಾಲೆ ಮಾಡಿದ್ದಳು.

ದೇವರ ದೀಪದ ಹತ್ತಿರ, ಗ್ಯಾಸ್ ಹತ್ತಿರ ಶೀಷೆ ತೆರೆಯಬೇಡ. ಬಣ್ಣವೂ ರಿಮೂವರೂ ಎರಡೂ ಬೆಂಕಿ ಹಿಡಿಯುವ ವಸ್ತು. ಅಪ್ಪ ಮಲಗುವ ಕೋಣೆಯಲ್ಲೂ ಬೇಡ, ವಾಸನೆ ಜಾಸ್ತಿ. ಜಗಲಿಯೇ ಸರಿ. ಮತ್ತೆ ಆ ಲೈಟಿನ ಪೆಟ್ಟಿಗೆ ಸಮೇತ ಬರುವ ಜೆಲ್ ಸೆಟ್ ತರಿಸುತ್ತೇನೆ ಅಂದಿದ್ದೆ. ಬೇಡ ಮಾರಾಯ್ತಿ. ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಅಲರ್ಜಿ ಬರುತ್ತದೆ, ಒಮ್ಮೆ ಬಂದರೆ ಜೀವನಪೂರ್ತಿ ಉಳಿಯಬಹುದು. ಅದೇ ಜಾತಿಯ ರಾಸಾಯನಿಕ ಹಲ್ಲಿನ ಡಾಕ್ಟರು ತುಂಬುವ ಸಿಮೆಂಟಿನಲ್ಲೂ ಇರುತ್ತದೆ, ಆಮೇಲೆ ಅಲ್ಲೂ ತಾಪತ್ರಯ.

32 ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಉಗುರು ಕಂಡರೆ ಬೇರೆಯೇ ಯೋಚನೆ ಬರುತ್ತದೆ. ನಾವು ಎಷ್ಟೋ ಸಲ ಮೊದಲು ನೋಡುತ್ತಿದ್ದದ್ದೇ ಅದನ್ನು. ನೀಲಿಯಾಗಿದೆಯಾ, ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರುತ್ತದಾ. ಅಪ್ಪನ ಬೆರಳಿಗೆ ಕ್ಲಿಪ್ಪು ಹಾಕಿದ್ದರಲ್ಲ, ಅದು ಉಗುರಿನ ಮೂಲಕ ಬೆಳಕು ಹಾಯಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಓದುವುದು. ನೀಲಿ, ಕಪ್ಪು, ಹಸಿರು ಬಣ್ಣ ಇದ್ದರೆ ಆ ಲೆಕ್ಕ ತಪ್ಪಬಹುದು. ಆಪರೇಷನ್ನಿನ ಮುಂಚೆ ಬಣ್ಣ ತೆಗೆಸುವುದು ಇದಕ್ಕೇ. ನಿನ್ನ ಅಮ್ಮನಿಗೆ ಬಿಪಿ ಇದೆ, ಅವಳಿಗೆ ಹಚ್ಚುವುದಾದರೆ ತಿಳಿ ಬಣ್ಣ ಹಚ್ಚು, ಅಥವಾ ಕಾಲಿಗೆ.

ಹೌದು, ಅವಳಿಗೂ ಹಚ್ಚು ಅಂತಲೇ ಹೇಳುತ್ತಿದ್ದೇನೆ. ನನ್ನ ತಂಗಿ ನನಗೆ ಗೊತ್ತು. ಆಸ್ಪತ್ರೆಯಿಂದ ಬಂದ ದಿನದಿಂದ ಉಪ್ಪಿಲ್ಲದ ಅಡಿಗೆ ಬೇರೆ, ಮನೆಯವರ ಅಡಿಗೆ ಬೇರೆ, ಮಾತ್ರೆಯ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ, ಬರುವವರಿಗೆ ಚಹಾ. ಇನ್ನೂ ಅತ್ತಿಲ್ಲ ಅವಳು. "ಕೂತುಕೋ, ಅಳು" ಅಂದರೆ ಕೂರುವುದಿಲ್ಲ. "ಅಮ್ಮ, ನನಗೆ ಡಿಸೈನ್ ಕಲಿಯಬೇಕು, ನಿನ್ನ ಕಾಲು ಸ್ವಲ್ಪ ಕೊಡು" ಅನ್ನು, ಕೊಟ್ಟಾಳು. ನಮ್ಮ ಕಡೆ ಹೆಂಗಸರು ತಮಗಾಗಿ ಕೂರುವುದಿಲ್ಲ, ಮಕ್ಕಳಿಗಾಗಿ ಅಂದರೆ ಕೂರುತ್ತಾರೆ. ಒಣಗುವವರೆಗೆ ಏಳುವ ಹಾಗಿಲ್ಲ ಅಂತ ಗದರಿಸು. ಅಳು ಬಂದರೆ ಬರಲಿ, ನೀನು ಬ್ರಶ್ ಕೆಳಗಿಡಬೇಡ.

ಅತ್ತೆಯ ವಿಷಯ ಇನ್ನೂ ಸ್ವಲ್ಪ ಇದೆ. ಮಲಗಿರುವುದು ಅವರ ತಮ್ಮ. ನಿನ್ನ ಹಾಗೆ ಓಡಾಡಲು ಮೊಣಕಾಲು ಬಿಡಲಿಲ್ಲ, ಮನೆಯಲ್ಲಿ ಕೂತು ಫೋನು ನೋಡುತ್ತಾ ಐದು ದಿನ ಕಳೆದರು. ಆ ಹೆದರಿಕೆ ಎಲ್ಲಿಗಾದರೂ ಹೋಗಬೇಕಲ್ಲ, ನಿನ್ನ ಉಗುರಿನ ಮೇಲೆ ಹೋಯಿತು. ಅದಕ್ಕೆ ಕ್ಷಮಿಸು ಅಂತ ನಾನು ಹೇಳುವುದಿಲ್ಲ, ಅದು ನಿನ್ನ ಇಷ್ಟ. ಆದರೆ ನಿನಗೆ ಗೊತ್ತಿರಲಿಕ್ಕಿಲ್ಲ, ಕೋನ್ ಬರುವ ಮುಂಚಿನ ಕಾಲದಲ್ಲಿ ನಮ್ಮ ಎರಡೂ ಮನೆಯ ಮದುಮಗಳಂದಿರಿಗೆ ಮದರಂಗಿ ಹಾಕುತ್ತಿದ್ದದ್ದು ಅದೇ ಅತ್ತೆ. ಸೊಪ್ಪು ಅರೆದು, ಹಿಡಿಸೂಡಿ ಕಡ್ಡಿಯ ತುದಿಯಲ್ಲಿ ಎಂಥಾ ಬಳ್ಳಿ ಬಿಡಿಸುತ್ತಿದ್ದರು ಅಂತೀ! ನನ್ನ ಮದುವೆಗೆ ನನ್ನ ಹತ್ತು ಬೆರಳ ತುದಿಗೆ ಟೊಪ್ಪಿ ಇಟ್ಟದ್ದೂ ಅವರೇ, ಉಗುರಿನ ಆ ಕೆಂಪು ಬೆಳೆದು ಹೋಗಲು ಐದು ತಿಂಗಳು ಹಿಡಿಯಿತು. ಒಮ್ಮೆ ಕೇಳಿ ನೋಡು. ಬೈದರೆ ಬೈಯಲಿ, ಬೈದದ್ದೇ ಎರಡನೇ ಸಲ ಆಗುತ್ತದೆ ಅಷ್ಟೇ.

ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ದೊಡ್ಡ ಕಾಯಿಲೆ ಬಂದಾಗ ಆ ಬೆಳವಣಿಗೆ ಸ್ವಲ್ಪ ಕಾಲ ನಿಂತು, ಆಮೇಲೆ ಉಗುರಿನಲ್ಲಿ ಅಡ್ಡಕ್ಕೆ ಒಂದು ತಗ್ಗು ಗೆರೆ ಕಾಣುವುದುಂಟು. 1846ರಲ್ಲಿ ಬೋ ಅನ್ನುವ ಫ್ರಾನ್ಸಿನ ಡಾಕ್ಟರು ಇದನ್ನು ಬರೆದಿಟ್ಟರು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಎಲ್ಲರಿಗೂ ಬರುವುದಿಲ್ಲ. ಇನ್ನೊಂದೆರಡು ತಿಂಗಳಲ್ಲಿ ಅಪ್ಪನ ಹೆಬ್ಬೆರಳಿನಲ್ಲಿ ಹಾಗೆ ಕಂಡರೆ ಗಾಬರಿಯಾಗಿ ನನಗೆ ಮಧ್ಯರಾತ್ರಿ ಫೋನ್ ಮಾಡಬೇಡ ಅಂತ ಈಗಲೇ ಹೇಳಿಟ್ಟೆ. ಅದು ಬೆಳೆಯುತ್ತಾ ಬೆಳೆಯುತ್ತಾ ತುದಿಗೆ ಬರುತ್ತದೆ, ಒಂದು ದಿನ ಉಗುರು ಕತ್ತರಿಸುವಾಗ ಹೋಗುತ್ತದೆ.

ನಿನ್ನ ನಿದ್ದೆಯ ವಿಷಯ ಮಾತ್ರ ನನಗೆ ಸರಿ ಕಾಣುತ್ತಿಲ್ಲ. ರಾತ್ರಿ ಒಂದೂವರೆಗೆ ಸರಿಯಾಗಿ ಎಚ್ಚರ ಆಗುತ್ತದೆ, ಅಪ್ಪನ ಉಸಿರು ನೋಡಿ ಬರುತ್ತೇನೆ ಅಂದೆಯಲ್ಲ. ಕೆಲವು ದಿನ ಹಾಗಾಗುವುದು ಸಹಜ. ಆ ಹೊತ್ತಿನಲ್ಲಿ ಲೈಟು ಹಾಕಿ ಬಣ್ಣ ಹಚ್ಚಲು ಕೂರಬೇಡ, ಅದು ಹಗಲಿನ ಕೆಲಸ. ಎರಡು ವಾರ ಕಳೆದ ಮೇಲೂ ಹೀಗೇ ಇದ್ದರೆ, ಫೋನ್ ರಿಂಗಾದರೆ ಎದೆ ಹಾರುವುದು ನಿಲ್ಲದಿದ್ದರೆ, ಡಾಕ್ಟರ ಹತ್ತಿರ ಹೇಳು. 14416 ಅಂತ ಟೆಲಿ ಮಾನಸ್ ನಂಬರ್ ಇದೆ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಉಗುರಿನ ಬಣ್ಣ ತನ್ನ ಪಾಲಿನ ಕೆಲಸ ಮಾಡುತ್ತದೆ, ಎಲ್ಲವನ್ನೂ ಅದರ ತಲೆ ಮೇಲೆ ಹಾಕಬೇಡ.

ಶನಿವಾರ ಬೆಳಗ್ಗೆ ಎಕ್ಸ್‌ಪ್ರೆಸ್ ಬಸ್ಸಿಗೆ ಬರುತ್ತೇನೆ. ಹೈವೇ ಹೊಂಡದಲ್ಲಿ ಎಷ್ಟು ಹೊತ್ತಾಗುತ್ತದೋ ಹೇಳಲು ಬರುವುದಿಲ್ಲ, ಹನ್ನೊಂದು ಅಂತ ಇಟ್ಟುಕೋ. ಪತ್ರೊಡೆ ತರುತ್ತೇನೆ, ಅಪ್ಪನ ಪಾಲಿನದ್ದಕ್ಕೆ ಉಪ್ಪು ತೀರಾ ಕಮ್ಮಿ ಹಾಕಿಸಿ ಬೇರೆಯೇ ಕಟ್ಟಿ ತರುತ್ತೇನೆ. ಮಲ್ಲಿಗೆ ಮಾತ್ರ ಕೇಳಬೇಡ, ಮಳೆಗೆ ಹೂವೇ ಇಲ್ಲ, ಇದ್ದ ಸ್ವಲ್ಪಕ್ಕೆ ಚಿನ್ನದ ರೇಟು. ಅದಕ್ಕೇ ನನ್ನ ಉಗುರಿನ ಮೇಲೆ ನೀನೇ ಬಿಡಿಸಬೇಕು, ಒಂದೊಂದರಲ್ಲಿ ಎರಡೆರಡು ಮೊಗ್ಗು. ಬಿಳಿ ಶೀಷೆ ಖಾಲಿಯಾಗಿದೆ ಅಂದಿದ್ದೆಯಲ್ಲ, ಅದನ್ನು ಬಸ್‌ಸ್ಟ್ಯಾಂಡಿನ ಹತ್ತಿರ ನಾನೇ ತೆಗೆದುಕೊಂಡು ಬರುತ್ತೇನೆ. ಅತ್ತೆ ಜಗಲಿಯಲ್ಲೇ ಇರಲಿ.

ನಿನ್ನ ದೊಡ್ಡಮ್ಮ