ಹೈದರಾಬಾದ್‌ಗೆ ಅಲೆಯಬೇಕಿಲ್ಲವಂತೆ!

ಮಾನ್ಯರೇ,

‘ಇನ್ನು ಚಿಕಿತ್ಸೆಗೆ ಹೈದರಾಬಾದ್‌ಗೆ ಅಲೆಯಬೇಕಿಲ್ಲ’ ಎಂದು ಕಲಬುರಗಿ ಜನರಿಗೆ ಅಧಿಕಾರಿ ಸಾಹೇಬರು ಕೊಟ್ಟ ಹೇಳಿಕೆ ನಿನ್ನೆಯ ಪತ್ರಿಕೆಯಲ್ಲಿದೆ. ನಾನದನ್ನು ಮೊಬೈಲ್‌ನಲ್ಲಿ ಓದಿದ್ದು ಹೈದರಾಬಾದ್‌ನ ಆಸ್ಪತ್ರೆಯೊಂದರ ವರಾಂಡದಲ್ಲಿ ಕುಳಿತು.

ನನ್ನ ತಂಗಿಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಫೈಲಿನ ಮೊದಲ ಪುಟದಲ್ಲೇ ಬರೆದಿದೆ. ಶನಿವಾರ ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ಎದ್ದ ನೋವು ಬೆನ್ನಿಗೆ ಹಾಯುತ್ತಿತ್ತು, ಗುಟುಕು ನೀರು ಕುಡಿದರೂ ವಾಂತಿ. ಕಲಬುರಗಿಯ ಆಸ್ಪತ್ರೆಗೆ ಒಯ್ದರೆ ಡ್ಯೂಟಿ ಡಾಕ್ಟರು ಫೈಲ್ ತೆರೆಯದೆ ‘ಗ್ಯಾಸ್’ ಎಂದು ಇಂಜೆಕ್ಷನ್ ಕೊಟ್ಟು, ಬೆಳಿಗ್ಗೆ ನೋಡೋಣ ಅಂದರು. ಬೆಳಗಾದರೆ ಭಾನುವಾರ! ಮೇದೋಜ್ಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ತೊಂದರೆ ತಿಳಿಸುವ ಅಮೈಲೇಸ್, ಲೈಪೇಸ್ ರಕ್ತಪರೀಕ್ಷೆಗೆ ಲ್ಯಾಬಿನಲ್ಲಿ ಕೆಮಿಕಲ್ ಇಲ್ಲ, ಹೊರಗೆ ಮಾಡಿಸ್ರಿ. ರಕ್ತದ ಸೀಸೆ ಹಿಡಿದು ಈ ಬಿಸಿಲಲ್ಲಿ ಬಾಗಿಲು ತೆರೆದ ಲ್ಯಾಬ್ ಹುಡುಕಿದ್ದೇ ಹುಡುಕಿದ್ದು. ಲೈಪೇಸ್ ಮಾಮೂಲಿಗಿಂತ ಮೂರು ಪಟ್ಟಾದರೆ ಮೇದೋಜ್ಜೀರಕ ಗ್ರಂಥಿ ಊದಿದೆಯೇ ಎಂದು ನೋಡಬೇಕಂತೆ. ತಂಗಿಯದು ಅದನ್ನೂ ದಾಟಿತ್ತು. ರಿಪೋರ್ಟ್ ನೋಡಿದ ಇನ್ನೊಬ್ಬ ಡಾಕ್ಟರು, “ಈಕಿ ಕುಡೀತಾಳೇನ್ರಿ?” ಅಂತ ವಾರ್ಡಿಗೆಲ್ಲ ಕೇಳುವಂತೆ ಕೇಳಿದರು.

ಕುಡಿತ, ಪಿತ್ತಕೋಶದ ಕಲ್ಲು ಸಾಮಾನ್ಯ ಕಾರಣ, ಕೇಳಲಿ. ಆದರೆ ಲೂಪಸ್ಸೇ ಈ ಗ್ರಂಥಿಯ ರಕ್ತನಾಳಗಳಿಗೆ ಎರಗಬಹುದು, ಲೂಪಸ್‌ಗೆ ಕೊಡುವ ಅಜಾಥಿಯೋಪ್ರಿನ್‌ನಂಥ ಗುಳಿಗೆಯಿಂದಲೂ ಹೀಗಾಗಬಹುದು. ಅಪರೂಪ, ಆದರೆ ಜೀವಕ್ಕೇ ಕುತ್ತು. ಇದಿಷ್ಟೂ ಗೊತ್ತಾಗಿದ್ದು ಹೈದರಾಬಾದ್‌ನಲ್ಲಿ. ನಮ್ಮೂರಿನಲ್ಲಿ ಸಿಕ್ಕ ಸಲಹೆ: ಲೂಪಸ್‌ಗೆ ತಿನ್ನುವ ಸ್ಟೀರಾಯ್ಡ್ ಇವತ್ತೇ ಬಂದ್ ಮಾಡ್ರಿ! ಬಹಳ ದಿನ ತಿಂದ ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿಯಬಹುದೆಂದು ಔಷಧಿ ಅಂಗಡಿಯ ಹುಡುಗನಿಗೂ ಗೊತ್ತು. ಹೈದರಾಬಾದ್‌ಗೆ ಒಯ್ಯಲು ಆಂಬುಲೆನ್ಸ್ ಕೇಳಿದರೆ ಡ್ರೈವರ್ ಊಟಕ್ಕೆ ಹೋಗಿದ್ದರು. ಎಂಥ ಊಟವೋ, ಸಂಜೆಯಾದರೂ ಮುಗಿಯಲಿಲ್ಲ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಬಂದು ದಶಕ ದಾಟಿತು. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರೂ ‘ಕಲ್ಯಾಣ’ವಾಯಿತು. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ ಬಂದವು, ಸಂತೋಷ. ನಾವು ಹೋದ ಆಸ್ಪತ್ರೆಯ ಬೋರ್ಡಿನಲ್ಲಿ ಲೂಪಸ್‌ನಂಥ ಕಾಯಿಲೆ ನೋಡುವ ರುಮಟಾಲಜಿ ವಿಭಾಗ ಎಂಬುದೇ ಇಲ್ಲ. ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17 ಬಂದರೆ ಮಾತ್ರ ಧ್ವಜ, ಹಾರ, ಭಾಷಣ. ಈ ಅಧಿಕಾರಿಗಳ ಹಣೆಬರಹ ನನಗೆ ಹೊಸದಲ್ಲ. ನಮ್ಮ ಓಣಿಯ ಚರಂಡಿ ಬಗ್ಗೆ ಕೊಟ್ಟ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಾಗಲೇ ಅರ್ಥವಾಗಿತ್ತು.

ರುಮಟಾಲಜಿಸ್ಟ್‌ರನ್ನು ನೇಮಿಸಲಿ. ಅದಾಗದಿದ್ದರೆ ಲ್ಯಾಬಿಗೆ ಕೆಮಿಕಲ್ ತರಿಸಲಿ. ಎರಡೂ ಆಗದಿದ್ದರೆ ಸಾಹೇಬರು ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ. ಆ ಚರಂಡಿಯನ್ನೂ ಒಮ್ಮೆ ಬಂದು ನೋಡಲಿ.

– ನೊಂದ ಓದುಗ, ಕಲಬುರಗಿ