ಖುಲಾಸೆ ಆಯಿತೆಂದು ಕೇಸು ಬಿಡಬೇಡ

ಪ್ರೀತಿಯ ಅಳಿಯನಿಗೆ ಬದಿಯಡ್ಕದಿಂದ ಮಾವನ ಆಶೀರ್ವಾದಗಳು.

ಭಾವನಿಗೆ ಡಿಕ್ಕಿ ಹೊಡೆದ ಕಾರಿನವನು ಖುಲಾಸೆಯಾದ, ಇನ್ನು ಪರಿಹಾರದ ಕೇಸನ್ನೂ ವಾಪಸ್ ತೆಗೆಯೋಣ ಎಂದು ಅಕ್ಕನ ಹತ್ತಿರ ಹೇಳಿದೆಯಂತೆ. ದಯವಿಟ್ಟು ಹಾಗೆ ಮಾಡಬೇಡ. ಕಾಸರಗೋಡಿನಲ್ಲಿ ವಕೀಲರ ಗುಮಾಸ್ತನಾಗಿದ್ದಾಗ ಇಂಥದ್ದನ್ನು ಕಣ್ಣಾರೆ ಕಂಡಿದ್ದೇನೆ. ಕ್ರಿಮಿನಲ್ ಕೋರ್ಟಿನ ಬೇಸರದಲ್ಲಿ ಜನ ಗೆಲ್ಲಬಹುದಾದ ಕೇಸನ್ನೂ ಬಿಟ್ಟುಬಿಡುತ್ತಾರೆ.

ಅಪಘಾತ ಒಂದೇ, ಕೇಸು ಎರಡು. ಮೊದಲನೆಯದು ಸರಕಾರ ಚಾಲಕನ ಮೇಲೆ ನಡೆಸಿದ್ದು. ಅದರಲ್ಲಿ ಸೋತರೆ ಅವನಿಗೆ ಜೈಲೂ ಆಗಬಹುದು. ಹಾಗಾಗಿ ಅವನು ಅಡ್ಡಾದಿಡ್ಡಿ ಓಡಿಸಿದ ಎಂಬುದನ್ನು ಸರಕಾರಿ ವಕೀಲರು ಸಂಶಯ ಉಳಿಯದ ಹಾಗೆ ತೋರಿಸಬೇಕು. ಸಕಾರಣವಾದ ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. 'ಮಾಡಿರಬಹುದು' ಎಂಬುದಕ್ಕೂ 'ಮಾಡಿರಲೇಬೇಕು' ಎಂಬುದಕ್ಕೂ ತುಂಬ ದೂರ ಎಂದು 1973ರಲ್ಲಿ ಮಹಾರಾಷ್ಟ್ರದ ಶಿವಾಜಿ ಬೊಬಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ನಮ್ಮ ಮನೆಯವರೇ ಆರೋಪಿ ಸ್ಥಾನದಲ್ಲಿ ನಿಂತರೆ ನಮ್ಮನ್ನು ಕಾಯುವುದೂ ಈ ನಿಯಮವೇ. ಅದನ್ನು ಬೈಯಬೇಡ.

ತೀರ್ಪು ನಾನೂ ಓದಿದೆ. ಸಾಕ್ಷಿ ಹೇಳಿದ ಅಂಗಡಿಯವರು ಸದ್ದು ಕೇಳಿ ತಿರುಗಿ ನೋಡಿದ್ದು, ಡಿಕ್ಕಿ ಹೊಡೆದದ್ದನ್ನು ನೋಡಿಲ್ಲ. ಕಾರಿನ ವೇಗ ಹೇಳಲು ಅವರಿಂದ ಆಗಲಿಲ್ಲ. ಖುಲಾಸೆ ಆದದ್ದು ಅಷ್ಟಕ್ಕೇ. ಭಾವನದೇ ತಪ್ಪು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ, ಅಲ್ವಾ? ಅಂಗಡಿಯವರ ಮೇಲೆ ಸಿಟ್ಟು ಬೇಡ. ಕಂಡದ್ದನ್ನಷ್ಟೇ ಹೇಳಿದ ಮನುಷ್ಯ ಅವರು. ಮುಂದಿನ ಸಾಕ್ಷಿಗೆ ಹೀಗೆ ಹೇಳಿ, ಹಾಗೆ ಹೇಳಿ ಎಂದು ಅವರ ಮನೆ ಬಾಗಿಲಿಗೆ ಹೋಗಲೇಬೇಡ.

ಎರಡನೆಯದಾದ ಪರಿಹಾರದ ಕೇಸಿನಲ್ಲಿ ಯಾರೂ ಜೈಲಿಗೆ ಹೋಗುವುದಿಲ್ಲ, ಪ್ರಶ್ನೆ ದುಡ್ಡಿನದು. ಹಾಗಾಗಿ ಅಲ್ಲಿ ಅಳತೆ ಬೇರೆ. ಎರಡೂ ಕಡೆಯವರ ಮಾತಿನಲ್ಲಿ ಯಾವುದು ನಿಜವಾಗಿರುವ ಸಾಧ್ಯತೆ ಜಾಸ್ತಿ ಎಂದು ನೋಡುತ್ತಾರೆ. ಅಪಘಾತದ ಕ್ಲೇಮಿನಲ್ಲಿ ಸಂಶಯಾತೀತ ರುಜುವಾತು ಕೇಳಬಾರದು ಎಂದು 2009ರಲ್ಲಿ ಬಿಮಲಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪೊಲೀಸರ ಚಾರ್ಜ್‌ಶೀಟು ಹಾಜರುಪಡಿಸಿದರೆ ಚಾಲಕನ ನಿರ್ಲಕ್ಷ್ಯಕ್ಕೆ ಮೇಲ್ನೋಟಕ್ಕೆ ಅಷ್ಟು ಸಾಕು ಎಂದು ನಮ್ಮ ಕೇರಳ ಹೈಕೋರ್ಟ್ 2011ರಲ್ಲಿ ಹೇಳಿತು. ಅದು ಸರಿಯಲ್ಲ ಎನ್ನುವವರು ತಮ್ಮ ಸಾಕ್ಷಿ ತರಬೇಕು.

ಹೇಳಿದವನೇ ತೋರಿಸಬೇಕು ಎಂಬುದು ಮಾತ್ರ ಎರಡೂ ಕಡೆ ಇದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದ್ದದ್ದು 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೂ ಉಳಿದಿದೆ. ಇದರಿಂದ ನಮಗೂ ಅನುಕೂಲ ಇದೆ. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ ಎಂದು ವಿಮಾ ಕಂಪನಿ ಹೇಳಿದರೆ ಅದನ್ನು ಕಂಪನಿಯೇ ತೋರಿಸಬೇಕು. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಅದು ಇತ್ಯರ್ಥವಾಗಿದೆ. ಭಾವನ ತಪ್ಪೂ ಇತ್ತು ಎಂದರೂ ಹಾಗೆಯೇ.

ಆದರೆ ಅಳತೆ ಸಡಿಲ ಎಂದು ಸುಮ್ನೆ ಕೂತರೆ ಆಗದು. ಭಾವನ ಗಾಯ, ಖರ್ಚು, ಆದಾಯ ಇವನ್ನೆಲ್ಲ ತೋರಿಸಬೇಕಾದವರು ನಾವೇ. ವೂಂಡ್ ಸರ್ಟಿಫಿಕೇಟು (ಗಾಯದ ಬಗ್ಗೆ ಡಾಕ್ಟರು ಕೊಟ್ಟ ಪತ್ರ), ಡಿಸ್ಚಾರ್ಜ್ ಚೀಟಿ, ಔಷಧದ ಬಿಲ್ಲು ಒಂದನ್ನೂ ಎಸೆಯಬೇಡ. ಕೃಷಿಕರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ತೋಟದ ತೀರ್ವೆ (ಭೂಕಂದಾಯ) ರಶೀದಿ, ಕ್ಯಾಂಪ್ಕೊಗೆ ಅಡಿಕೆ ಕೊಟ್ಟ ಬಿಲ್ಲು ಹುಡುಕು. ಈಗ ತೋಟದ ಕೆಲಸಕ್ಕೆ ಆಳಿಗೆ ಕೊಡುವ ಕೂಲಿಯನ್ನೂ ಬರೆದಿಡು. ಇಂಥ ಕೇಸುಗಳಲ್ಲಿ ಮೊತ್ತ ಕಡಿಮೆಯಾಗುವುದು ಹೆಚ್ಚಾಗಿ ಇಲ್ಲಿಯೇ.

ಭಾವ ಸಾಕ್ಷಿ ಹೇಳುವಾಗ ಕನ್ನಡದಲ್ಲೇ ಹೇಳಲಿ. ಅರ್ಧಂಬರ್ಧ ಮಲಯಾಳದಲ್ಲಿ ಹೇಳಲು ಹೋದರೆ ದೂರ, ದಿಕ್ಕು ಎಲ್ಲ ತಪ್ಪಿಹೋಗುತ್ತದೆ. ಬರೆದುಕೊಂಡದ್ದನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ.

ಮುಂದಿನ ವಾಯಿದೆಗೆ ಮೊದಲು ಖುಲಾಸೆ ತೀರ್ಪಿನ ನಕಲು ವಕೀಲರಿಗೆ ಕೊಡು. ಎದುರಿನವರು ಅದನ್ನು ತಂದೇ ತರುತ್ತಾರೆ, ನಮ್ಮವರು ಮೊದಲೇ ಓದಿರಲಿ. ವಿದ್ಯಾನಗರದ ಕೋರ್ಟಿಗೆ ಹೋಗುವ ದಿನ ಫೋನ್ ಮಾಡು, ನಾನೂ ಬರುತ್ತೇನೆ.

ನಿನ್ನ ಮಾವ