ಪಿಎಪಿಆರ್ ಮಾಸ್ಕ್ (ಬ್ಯಾಟರಿ ಬ್ಲೋವರ್‌ನಿಂದ ಸೋಸಿದ ಗಾಳಿ ಕೊಡುವ ಮಾಸ್ಕ್) ಇರುವವರಿಗೆ: ಫಿಲ್ಟರ್‌ಗೆ ಕಂಪ್ರೆಸರ್ ಹಿಡಿಯಬೇಡಿ

ಗೆಳೆಯರೇ, ತೋರಣಗಲ್ಲು, ಸಂಡೂರು ಕಡೆ ಕೆಲಸ ಮಾಡುವವರೆಲ್ಲ ದಯವಿಟ್ಟು ಓದಿ. ನಿನ್ನೆ ನಮ್ಮ ಶಿಫ್ಟ್‌ನ ಹುಡುಗನೊಬ್ಬ ಬ್ಲೋವರ್ ಮಾಸ್ಕ್‌ನ ಫಿಲ್ಟರ್‌ಗೆ ಕಂಪ್ರೆಸರ್ ಗಾಳಿ ಹೊಡೆಯುತ್ತಿದ್ದ. ಕೆಂಪು ದೂಳು ಹಾರಿತು, ಫಿಲ್ಟರ್ ಹೊಸದರಂತೆ ಕಂಡಿತು. ಆದರೆ ಹಾಗೆ ಮಾಡಿದರೆ ಒಳಗಿನ ನಾರಿನ ಪದರ ಹರಿಯಬಹುದು. ಆ ತೂತು ಕಣ್ಣಿಗೆ ಕಾಣುವುದಿಲ್ಲ, ಸಣ್ಣ ದೂಳು ಸೀದಾ ಎದೆಗೆ ಇಳಿಯುತ್ತದೆ. ತೊಳೆಯುವುದೂ ಬೇಡ, ತಟ್ಟುವುದೂ ಬೇಡ. ಫಿಲ್ಟರ್ ದೂಳಿನಿಂದ ಕಟ್ಟಿಕೊಂಡರೆ ಬದಲಿಸಿ, ಅಷ್ಟೇ. ಅದೇ ಕಂಪನಿಯ, ಅದೇ ಮಾಡೆಲ್‌ಗೆ ಹೊಂದುವ ಫಿಲ್ಟರನ್ನೇ ಹಾಕಿ.

ದಿನಾ ಹಾಕಿಕೊಳ್ಳುವ ಮುಂಚೆ ಮಾಸ್ಕ್ ಜೊತೆಗೆ ಬಂದ ಫ್ಲೋ ಮೀಟರ್ (ಗಾಳಿ ಎಷ್ಟು ಬರುತ್ತಿದೆ ಎಂದು ಅಳೆಯುವ ಸಾಧನ) ಇಟ್ಟು ನೋಡಿ. ಕೆಲಸಗಾರರ ಸುರಕ್ಷತೆಯ ಅಮೆರಿಕದ ಸಂಸ್ಥೆ ನಿಯೋಶ್‌ನ (NIOSH) ನಿಯಮದಂತೆ ತಲೆ ಮುಚ್ಚುವ ಸಡಿಲ ಹುಡ್‌ಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್, ಬಿಗಿ ಮುಖವಾಡಕ್ಕೆ 115 ಲೀಟರ್ ಗಾಳಿ ಬರಬೇಕು. ಕಡಿಮೆಯಾದರೆ ಮೊದಲು ಬ್ಯಾಟರಿ, ಆಮೇಲೆ ಫಿಲ್ಟರ್, ಆಮೇಲೆ ಬ್ಲೋವರ್‌ನಿಂದ ಗಾಳಿ ತರುವ ಕೊಳವೆ ನೋಡಿ. ಕೊಳವೆಯನ್ನು ಸ್ವಲ್ಪ ಎಳೆದು ಹಿಡಿದರೆ ಮಡಿಕೆಯೊಳಗಿನ ಬಿರುಕು ಕಾಣುತ್ತದೆ.

ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ವಾ? ಬ್ಯಾಟರಿಯನ್ನು ಬೈಕ್ ಡಿಕ್ಕಿಯಲ್ಲಿ ಬಿಡಬೇಡಿ. ಬ್ಲೋವರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರಲ್ಲಿ ಮುಳುಗಿಸಬೇಡಿ. ಕೆಲಸದ ನಡುವೆ ಗಾಳಿ ನಿಂತರೆ ಅಲ್ಲೇ ಹುಡ್ ತೆಗೆಯಬೇಡಿ. ತಕ್ಷಣ ಹೊರಗೆ, ದೂಳಿಲ್ಲದ ಕಡೆ ಬಂದು ತೆಗೆಯಿರಿ.